ಹಿಮ್ಮಡಿ ನೋಡಿ ನುಡಿಸುವವನು

ನಾನು ಕುಣಿಯುವಾಗ ನನ್ನ ಮುಖ ಹೇಗಿರುತ್ತದೆ ಎಂದು ನಮ್ಮ ತಾತನಿಗೆ ಗೊತ್ತಿರಲಿಲ್ಲ. ಕೇಳಿಕೆ ಅನ್ನುವ ನಮ್ಮ ಕಡೆಯ ಬಯಲಾಟದಲ್ಲಿ ಮುಖವೀಣೆ ನುಡಿಸುವವನು ವೇಷಗಳ ಹಿಂದೆ ನಿಲ್ಲುತ್ತಾನೆ. ಅವನಿಗೆ ಕಾಣುವುದು ಬೆನ್ನು, ಸೊಂಟದ ಪಟ್ಟಿ, ಕೆಳಗೆ ಹಿಮ್ಮಡಿ. ತಾತ ಶ್ರೀರಾಮಪ್ಪ ಐವತ್ತು ವರ್ಷ ಹಾಗೆ ಹಿಂದೆ ನಿಂತು, ಸುತ್ತಲಿನ ಊರುಗಳ ಭೀಮ ದುರ್ಯೋಧನರ ಹಿಮ್ಮಡಿ ನೋಡಿಕೊಂಡು ನುಡಿಸಿದವನು. ಹಿಮ್ಮಡಿ ನೆಲಕ್ಕೆ ಭಾರ ಬಿಟ್ಟಿದ್ದರೆ ಇವನೂ ಆ ಸ್ವರದಲ್ಲೇ ಇರುತ್ತಿದ್ದ. ಅದು ಬೆರಳಷ್ಟು ಎದ್ದರೆ ಇವನು ಮುಂದಕ್ಕೆ ಹೊರಡುತ್ತಿದ್ದ. ಕುಣಿಯುವವರು ತಪ್ಪಿದರೂ ಕೂತು ನೋಡುವವರಿಗೆ ಅದು ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ತಾತನೂ ಅವರ ಜೊತೆಗೇ ತಪ್ಪುತ್ತಿದ್ದ.

ಮುಖವೀಣೆ ಅಂದರೆ ಮೊಳದುದ್ದವೂ ಇಲ್ಲದ ಕಪ್ಪು ಮರದ ಕೊಳವೆ. ಬಾಯಿಗೆ ಒಂದು ಪೀಪಿ, ಬೆರಳಿಗೆ ಒಂದಷ್ಟು ತೂತು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಅದು ಖಾಲಿಯಾಗುವ ಮೊದಲೇ ಮೂಗಿನಿಂದ ಉಸಿರೆಳೆದುಕೊಂಡರೆ ಸ್ವರ ನಡುವೆ ಎಲ್ಲಿಯೂ ಕಡಿಯುವುದಿಲ್ಲ. ನಾನು ಚಿಕ್ಕವಳಿದ್ದಾಗ ತಾತನಿಗೆ ಉಸಿರಾಡುವ ಅಗತ್ಯವೇ ಇಲ್ಲ ಎಂದು ತಿಳಿದಿದ್ದೆ.

ನಾನು ಕೋಲಾರದಲ್ಲಿ ಡಿಗ್ರಿ ಓದುವಾಗಲೇ ಅಮರನಾಥ್ ಸರ್ ಅವರ ನೃತ್ಯ ತಂಡಕ್ಕೆ ಸೇರಿದ್ದೆ. ಸರ್ ಕೇಳಿಕೆಯ ಹೆಜ್ಜೆಗಳನ್ನು ತೆಗೆದುಕೊಂಡು ಮಾತಿಲ್ಲದ, ಹಾಡಿಲ್ಲದ ನೃತ್ಯ ಕಟ್ಟುವವರು. ಮೂರು ವರ್ಷದ ಹಿಂದೆ ಅವರು ರೇಷ್ಮೆಹುಳುವಿನ ಮೇಲೆ ಮುಕ್ಕಾಲು ಗಂಟೆಯ ನೃತ್ಯ ಮಾಡಬೇಕೆಂದುಕೊಂಡರು. ಸುಗಟೂರಿನ ನಮ್ಮ ಮನೆಯಲ್ಲಿ ಹುಳು ಸಾಕುವುದನ್ನು ನೋಡಲು ಬಂದವರು ತಾತನ ಮುಖವೀಣೆಯನ್ನೂ ಕೇಳಿದರು. ಅವತ್ತೇ ತಾತನೂ ತಂಡಕ್ಕೆ ಸೇರಿದ.

ಹಿಮ್ಮೇಳದಲ್ಲಿ ಇದ್ದವರು ಇಬ್ಬರೇ. ಮುಖವೀಣೆಗೆ ತಾತ, ತಮಟೆಗೆ ಕದಿರೇಶಣ್ಣ. ಕದಿರೇಶಣ್ಣ ತಮಟೆ ಹಿಡಿದು ನಮ್ಮ ನಡುವೆಯೇ ಕುಣಿಯುತ್ತಿದ್ದ. ತಾತ ಮಾತ್ರ ಎಂದಿನಂತೆ ಹಿಂದೆ.

ಹುಳು ದೊಡ್ಡದಾಗುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಆಮೇಲೆ ಹಳೆಯ ಚರ್ಮ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ನೃತ್ಯದಲ್ಲೂ ನಾಲ್ಕು ಜ್ವರಗಳಿದ್ದವು. ಮೂರರಲ್ಲಿ ತಂಡವೆಲ್ಲ ನಿಲ್ಲುತ್ತಿತ್ತು. ನಾಲ್ಕನೆಯದರಲ್ಲಿ ನಾನೊಬ್ಬಳೇ. ತಮಟೆ ಸುಮ್ಮನಾಗುತ್ತಿತ್ತು, ತಾತ ಒಂದೇ ಸ್ವರ ಹಿಡಿದಿರುತ್ತಿದ್ದ. ಎಷ್ಟು ಹೊತ್ತು ಎಂದು ಯಾರೂ ಗೊತ್ತುಮಾಡಿರಲಿಲ್ಲ. ನನ್ನ ಮೈಗೆ ಸಾಕು ಅನ್ನಿಸಿದಾಗ ಹಿಮ್ಮಡಿ ಎತ್ತುತ್ತಿದ್ದೆ, ತಾತ ಸ್ವರ ಬದಲಿಸುತ್ತಿದ್ದ.

ಈ ನೃತ್ಯ ನೋಡಿದ ಯಾರೋ ಯುರೋಪಿನಲ್ಲಿ ಯಾರಿಗೋ ಹೇಳಿದರು. ಬೆಲ್ಜಿಯಂ, ಜರ್ಮನಿ, ನೆದರ್‌ಲೆಂಡ್ಸ್, ಮೂರು ದೇಶಗಳಲ್ಲಿ ಹನ್ನೊಂದು ಪ್ರದರ್ಶನ. ಹತ್ತು ಜನ ನರ್ತಕರು, ತಾತ, ಕದಿರೇಶಣ್ಣ, ಅಮರನಾಥ್ ಸರ್. ಒಟ್ಟು ಹದಿಮೂರು ಟಿಕೆಟ್.

ತಾತನಿಗೆ ಆಗ ಅರವತ್ತೆಂಟು. ಪಾಸ್‌ಪೋರ್ಟ್ ಬಂದ ದಿನ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟೀ ಅಂಗಡಿಗೆ ಒಯ್ದ. ಕೋಲಾರದಿಂದ ಒಂದು ಸ್ವೆಟರ್, ಒಂದು ಮಂಕಿ ಕ್ಯಾಪ್ ತಂದುಕೊಂಡ. ಅದನ್ನು ಸೆಕೆಯಲ್ಲೇ ಹಾಕಿಕೊಂಡು ನಡುಮನೆಯಲ್ಲಿ ನಿಂತು, "ಇದರೊಳಗೆ ಬಾಯಿ ಎಲ್ಲೈತೆ? ನಾನು ನುಡಿಸೋದೆಂಗೆ?" ಎಂದು ಅಮ್ಮನನ್ನು ಕೇಳಿದ.

"ಅದು ನುಡಿಸಕ್ಕಲ್ಲಪ್ಪ, ಮಲಗಕ್ಕೆ," ಅಂದಳು ನಮ್ಮಮ್ಮ ಮುನಿಯಲ್ಲಮ್ಮ.

"ಅಷ್ಟು ದೂರ ಹೋಗಿ ಮಲಗ್ತಾರೇನೇ?"

ಜುಲೈಯಲ್ಲಿ ವೀಸಾಕ್ಕೆ ಬೆರಳಚ್ಚು ಕೊಡಲು ಎಲ್ಲರೂ ಬೆಂಗಳೂರಿಗೆ ಹೋದೆವು. ತಾತನ ಬೆರಳನ್ನು ಯಂತ್ರ ತೆಗೆದುಕೊಳ್ಳಲಿಲ್ಲ. ಗಾಜಿನ ಆಚೆಗಿದ್ದ ಹುಡುಗಿ ಗಟ್ಟಿಯಾಗಿ ಒತ್ತಿ ಅಂದಳು. ತಾತ ಒತ್ತಿದ. ಕೆಂಪು ದೀಪ. ಒರೆಸಿಕೊಂಡು ಇಡಿ ಅಂದಳು. ಮತ್ತೆ ಕೆಂಪು. ನಮಗೆ ಇದು ಹೊಸದಲ್ಲ. ಊರಿನ ರೇಷನ್ ಅಂಗಡಿಯಲ್ಲೂ ತಾತನ ಹೆಬ್ಬೆಟ್ಟು ಹಿಡಿಯುತ್ತಿರಲಿಲ್ಲ, ಪ್ರತಿ ತಿಂಗಳೂ ಅಮ್ಮನೇ ಹೋಗಬೇಕಿತ್ತು. ಸಾಲಿನಲ್ಲಿ ಹಿಂದೆ ನಿಂತವರು ನೋಡುತ್ತಿದ್ದರು. ತಾತ ಒಂದೊಂದು ಬೆರಳನ್ನೂ ಪಂಚೆಗೆ ಉಜ್ಜಿ, ಊದಿ, ಇಟ್ಟ. ಐದನೇ ಸಲಕ್ಕೆ ಹಸಿರು ದೀಪ ಬಂತು. ಹುಡುಗಿ "ಆಯ್ತು ಅಂಕಲ್" ಅಂದಳು.

ಹೊರಗೆ ಬಂದಾಗ ಕದಿರೇಶಣ್ಣ, "ಶ್ರೀರಾಮಣ್ಣ, ನಿನ್ ಬೆರಳೆಲ್ಲಾ ಆ ತೂತುಗಳು ತಿಂದಾಕ್ಬಿಟ್ಟವೆ. ನೀನು ಕಳ್ತನಕ್ಕಿಳಿ, ಯಾವ ಪೊಲೀಸ್ನೋರಿಗೂ ಸಿಗಲ್ಲ" ಅಂದ.

"ಕಳ್ತನಕ್ಕೆ ನಿನ್ನಂಗೆ ಓಡಕ್ ಬರ್ಬೇಕಲ್ಲೋ. ನಂಗೆ ನಿಂತ್ಕೊಳ್ಳಕ್ ಮಾತ್ರ ಬರೋದು."

ಎಲ್ಲರೂ ನಕ್ಕೆವು. ಆದರೆ ತಾತ ಬಸ್ಸಿನಲ್ಲಿ ಹೊಸಕೋಟೆ ದಾಟುವವರೆಗೂ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

ಆಗಸ್ಟ್ ಮೊದಲ ವಾರ ಒಂದು ಮಧ್ಯಾಹ್ನ, ಅಭ್ಯಾಸ ಮುಗಿದ ಮೇಲೆ, ಅಮರನಾಥ್ ಸರ್ ನನ್ನನ್ನು ಹೊರಗೆ ಕರೆದರು. ಹಾಲ್‌ನ ಪಕ್ಕದ ಹೊಂಗೆ ಮರದ ಕೆಳಗೆ ನಿಂತರು.

"ಅಲ್ಲಿನ ಥಿಯೇಟರ್‌ನವರು ಮೇಲ್ ಕಳ್ಸಿದಾರೆ. ಲೈಟಿಂಗ್‌ನವರನ್ನ ನೀವೇ ಕರ್ಕೊಂಡ್ ಬನ್ನಿ ಅಂತಾರೆ. ಟಿಕೆಟ್ ಹದಿಮೂರಕ್ಕಿಂತ ಒಂದೂ ಜಾಸ್ತಿ ಕೊಡಲ್ವಂತೆ."

"ಅಂದ್ರೆ ಒಬ್ರು ಬಿಡ್ಬೇಕಾ ಸರ್?"

"ಕುಣಿಯೋರಲ್ಲಿ ಒಬ್ರನ್ನ ತೆಗೆದ್ರೆ ಸಾಲು ಒಡೆಯುತ್ತೆ. ಕದಿರೇಶನೂ ಕುಣೀತಾನೆ." ಅವರು ಚಪ್ಪಲಿಯ ತುದಿಯಿಂದ ಒಣ ಹೊಂಗೆ ಕಾಯೊಂದನ್ನು ಒತ್ತುತ್ತಿದ್ದರು. "ಮುಖವೀಣೆ ರೆಕಾರ್ಡ್ ಮಾಡ್ಕೊಂಡ್ ಹೋಗ್ಬೋದು."

ನನಗೆ ಅರ್ಥವಾಯಿತು. ಆದರೂ, "ತಾತ?" ಅಂದೆ.

"ಅವರ ಅರ್ಜಿ ವಾಪಸ್ ತಗೊಂಡೆ. ಬೆಂಗಳೂರಿನ ಲೈಟಿಂಗ್ ಹುಡುಗನ ಹತ್ರ ವೀಸಾ ಮೊದ್ಲಿಂದಾನೂ ಇದೆ. ನಾಳೆ ರೆಕಾರ್ಡಿಂಗ್. ಅದು ಮುಗೀಲಿ, ನಾನೇ ಹೇಳ್ತೀನಿ ಅವರಿಗೆ. ಮೊದ್ಲೇ ಹೇಳಿದ್ರೆ ನುಡಿಸ್ತಾರೋ ಇಲ್ವೋ. ನುಡಿಸದೇ ಹೋದ್ರೆ ಟೂರೇ ಇಲ್ಲ ಮೌನಿಕಾ."

ತಾತ ನುಡಿಸುವುದಿಲ್ಲ ಎಂದು ನನಗೂ ಅನ್ನಿಸಿತ್ತು ಅಂತ ಬರೆದರೆ ಅದು ಸುಳ್ಳಾಗುತ್ತದೆ. ತಾತ ನುಡಿಸಿಕೊಡುತ್ತಿದ್ದ. ಒಂದು ದಿನ ಸುಮ್ಮನಿರುತ್ತಿದ್ದ, ಆಮೇಲೆ ಪೀಪಿ ಒದ್ದೆ ಮಾಡಿಕೊಂಡು ಬಂದು ನಿಲ್ಲುತ್ತಿದ್ದ. ಅದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದನ್ನೂ ಪೂರ್ತಿ ನಂಬುವ ಧೈರ್ಯ ಬರಲಿಲ್ಲ. ನೂರಕ್ಕೆ ಒಂದು ಪಾಲು ಬೇಡ ಅಂದುಬಿಟ್ಟರೆ? ನನಗೆ ಇಪ್ಪತ್ನಾಲ್ಕು ವರ್ಷ. ವಿಮಾನ ನಿಲ್ದಾಣವನ್ನು ಹೊರಗಿನಿಂದಲೂ ನೋಡಿರಲಿಲ್ಲ.

"ಸರಿ ಸರ್" ಅಂದೆ.

ರೆಕಾರ್ಡಿಂಗ್ ಕೋಣೆ ಕೋಲಾರದ ಒಂದು ಬೀದಿಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಮೊದಲು ಅದು ಫೋಟೋ ಸ್ಟುಡಿಯೋ ಆಗಿತ್ತಂತೆ. ಗೋಡೆಗೆ ಕಪ್ಪು ಫೋಮ್ ಅಂಟಿಸಿದ್ದರು. ಅದರೊಳಗೆ ಕಾಲಿಟ್ಟರೆ ನಮ್ಮ ಮಾತೇ ನಮಗೆ ಸಣ್ಣದಾಗಿ ಕೇಳುತ್ತಿತ್ತು. ತಾತನಿಗೆ ಸರ್, "ಅಲ್ಲಿ ಥಿಯೇಟರ್‌ನವರಿಗೆ ಒಂದು ರೆಕಾರ್ಡ್ ಬೇಕು ಶ್ರೀರಾಮಪ್ಪನೋರೆ" ಎಂದಷ್ಟೇ ಹೇಳಿದ್ದರು. ತಾತ ಅದನ್ನು, ಮೊದಲೇ ಕೇಳಿ ನೋಡಲಿಕ್ಕೆ ಎಂದು ತಿಳಿದ. ಅದಕ್ಕಾಗಿ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ತಮಟೆಯನ್ನು ಬೆಳಿಗ್ಗೆಯೇ ಮುಗಿಸಿದ್ದರು. ತಾತನನ್ನು ಮೈಕಿನ ಮುಂದೆ ನಿಲ್ಲಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ತಾತ ಎರಡು ಉಸಿರು ನುಡಿಸಿ ನಿಂತ. ಮತ್ತೆ ಶುರು ಮಾಡಿ ಮತ್ತೆ ನಿಂತ. ಮೂರನೇ ಸಲ ಪೀಪಿಯನ್ನು ಬಾಯಿಂದ ತೆಗೆದು ಸುತ್ತಲೂ ನೋಡಿದ.

"ಯಾರಿಗೆ ನುಡಿಸ್ಲಿ?"

"ಮೈಕಿಗೆ ನುಡಿಸಿ ತಾತ," ಅಂದ ರೆಕಾರ್ಡಿಂಗ್‌ನವನು.

"ಅದಕ್ಕೆ ಕಾಲೈತಾ?"

ಸ್ಟ್ಯಾಂಡಿನ ಮೂರು ಕಾಲು ತೋರಿಸಿ ಆತ ನಕ್ಕ. ತಾತ ನಗಲಿಲ್ಲ. ಅವನಿಗೆ ನಿಜವಾಗಿಯೂ ಆಗುತ್ತಿರಲಿಲ್ಲ. ಮುಂದೆ ಯಾರೂ ಇಲ್ಲದೆ ಅವನು ಎಂದೂ ಪೂರ್ತಿ ನುಡಿಸಿದವನೇ ಅಲ್ಲ. ಅರ್ಧ ಗಂಟೆ ಕಳೆಯಿತು. ಸರ್ ಗಾಜಿನ ಆಚೆಯಿಂದ ನನ್ನನ್ನು ನೋಡಿದರು. ಬಾಯಿಬಿಟ್ಟು ಕೇಳಲಿಲ್ಲ.

ನಾನು ಒಳಗೆ ಹೋದೆ. ಕಾಲ್ಗೆಜ್ಜೆ ಬಿಚ್ಚಿಟ್ಟೆ, ಬಳೆ ತೆಗೆದೆ, ದುಪಟ್ಟಾ ಸದ್ದು ಮಾಡಬಾರದೆಂದು ಬಿಗಿದು ಕಟ್ಟಿದೆ. ಕಾರ್ಪೆಟ್ಟಿನ ಮೇಲೆ ತಾತನಿಗೆ ಬೆನ್ನು ಮಾಡಿ ನಿಂತೆ.

"ಈಗ ಸರೋಯ್ತು" ಅಂದ ತಾತ, ಹಿಂದಿನಿಂದ.

ಮುಕ್ಕಾಲು ಗಂಟೆ ನಾನು ಸದ್ದಿಲ್ಲದೆ ಕುಣಿದೆ. ಒಂದೇ ಸಲಕ್ಕೆ ಎಲ್ಲವೂ ಬಂತು. ತಾತ ಆ ದಿನ ನುಡಿಸಿದಂತೆ ಮೊದಲು ಯಾವಾಗಲೂ ನುಡಿಸಿರಲಿಲ್ಲ, ಅಥವಾ ನನಗೆ ಹಾಗೆ ಕೇಳಿಸಿತು. ನಾನು ಎತ್ತಿದ ಪ್ರತಿ ಹೆಜ್ಜೆಯೂ ವಿಮಾನದಲ್ಲಿ ಅವನಿಗಿದ್ದ ಜಾಗವನ್ನು ಅವನಿಂದ ತೆಗೆದುಕೊಳ್ಳುತ್ತಿತ್ತು. ಅವನು ಅದನ್ನು ಖುಷಿಯಿಂದ ಕೊಡುತ್ತಿದ್ದ.

ನಾಲ್ಕನೇ ಜ್ವರ ಬಂತು. ತಲೆಯೆತ್ತಿ ನಿಂತೆ. ತಾತ ಸ್ವರ ಹಿಡಿದ. ಈಗ ತಿರುಗಿ ಹೇಳಿಬಿಡಬಹುದು ಅನ್ನಿಸಿತು. ಗಾಜಿನ ಆಚೆ ಸರ್ ಇದ್ದಾರೆ, ಇರಲಿ. ತಾತ, ನೀನು ಬರುತ್ತಿಲ್ಲ, ಎಂದರೆ ಮುಗಿಯಿತು. ಹಿಮ್ಮಡಿ ನೆಲ ಬಿಡಲಿಲ್ಲ. ಎಂದಿನ ಹೊತ್ತು ಮುಗಿಯಿತು, ಅದರ ಎರಡರಷ್ಟಾಯಿತು. ರೆಕಾರ್ಡಿಂಗ್‌ನವನು ಗಾಜಿನ ಹಿಂದೆ ಕೈ ಎತ್ತಿ ಏನು ಎಂದು ಕೇಳುತ್ತಿದ್ದ. ಹಿಂದೆ ತಾತ ಮೂಗಿನಿಂದ ಉಸಿರೆಳೆದುಕೊಳ್ಳುವುದು ಕೇಳಿಸಿತು. ಸ್ವರ ಕಡಿಯಲಿಲ್ಲ. ನಾನು ಹೊರಡುವವರೆಗೂ ಅವನು ಅಲ್ಲೇ ಇರುತ್ತಾನೆ ಎಂಬುದು ಗೊತ್ತಿದ್ದೇ ನಾನು ಅಷ್ಟು ಹೊತ್ತು ನಿಂತಿದ್ದೆನೋ ಏನೋ. ಕೊನೆಗೆ ಹಿಮ್ಮಡಿ ಎತ್ತಿದೆ.

ಎಲ್ಲ ಮುಗಿದ ಮೇಲೆ ಬೇಕರಿಯಲ್ಲಿ ಟೀ ಕುಡಿಯುತ್ತ ತಾತ ಕೇಳಿದ.

"ಏನ್ ತಲ್ಲಿ, ಇವತ್ತು ಅಷ್ಟೊತ್ತು ನಿಂತ್ಬಿಟ್ಟೆ?"

"ಮರ್ತೋಯ್ತು ತಾತ."

"ಮರ್ತೋರ ಕಾಲು ಅಂಗಿರಲ್ಲ." ಬನ್ನನ್ನು ಟೀಯಲ್ಲಿ ಅದ್ದಿದ. "ಪೋನಿ ಬಿಡು. ಆದ್ರೆ ಅಲ್ಲಿಗೋದ್ಮೇಲೆ ಇಂಗೆ ನಿಲ್ಬೇಡ ಕಣಮ್ಮ. ಚಳೀಲಿ ನಂಗೆ ಉಸ್ರು ಸಾಲಲ್ಲ."

ಸರ್ ಅವತ್ತು ಹೇಳಲಿಲ್ಲ. ಮರುದಿನವೂ ಇಲ್ಲ. ನಾನು ಕೇಳಿದಾಗಲೆಲ್ಲ "ಹೇಳ್ತೀನಿ" ಅನ್ನುತ್ತಿದ್ದರು. ನನಗೂ ಅಷ್ಟು ಸಾಕಾಗುತ್ತಿತ್ತು. ಮನೆಯಲ್ಲಿ ತಾತನ ಎದುರು ಊಟಕ್ಕೆ ಕೂರುವುದನ್ನು ತಪ್ಪಿಸಿಕೊಂಡೆ.

ಎರಡು ವಾರದ ನಂತರ ಪಾಸ್‌ಪೋರ್ಟುಗಳು ವಾಪಸ್ ಬಂದವು. ಹಾಲ್‌ನಲ್ಲಿ ಎಲ್ಲರೂ ಸೇರಿದ್ದರು. ಸರ್ ಒಬ್ಬೊಬ್ಬರ ಹೆಸರು ಕರೆದು ಕೊಟ್ಟರು. ಹುಡುಗಿಯರು ವೀಸಾ ಅಂಟಿಸಿದ ಹಾಳೆ ತೆಗೆದು ಫೋಟೋ ತೆಗೆದುಕೊಳ್ಳುತ್ತಿದ್ದರು. ತಾತ ತನ್ನದನ್ನು ತೆಗೆದುಕೊಂಡು ಮೊದಲ ಹಾಳೆಯಿಂದ ಕೊನೆಯವರೆಗೆ ತಿರುವಿದ. ಆಮೇಲೆ ಕೊನೆಯಿಂದ ಮೊದಲಿಗೆ ತಿರುವಿದ. ಎಲ್ಲ ಹಾಳೆಯೂ ಖಾಲಿ.

"ಶ್ರೀರಾಮಪ್ಪನೋರೆ," ಎಂದು ಸರ್ ಹತ್ತಿರ ಬಂದರು. "ನಿಮ್ದು ಆಗ್ಲಿಲ್ಲ."

ಅವರು ಮುಂದೆ ಎಲ್ಲವನ್ನೂ ಹೇಳುವವರಿದ್ದರು ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ತಾತ ಬಲಗೈ ಬಿಡಿಸಿ ಬೆರಳ ತುದಿಗಳನ್ನು ನೋಡಿಕೊಂಡ.

"ಬೆರಳು, ಅಲ್ವಾ ಸಾರ್? ಅವತ್ತೇ ಅನ್ಕೊಂಡೆ. ಆ ಹುಡ್ಗಿ ಪಾಪ ನನ್ ಮನಸ್ಸು ನೋಯಿಸ್ಬಾರ್ದು ಅಂತ ಆಯ್ತು ಅಂದ್ಲು."

ಕದಿರೇಶಣ್ಣ ತಮಟೆಯ ಅಂಚನ್ನು ಒರೆಸತೊಡಗಿದ. ಅವನಿಗೂ ಆ ಹೊತ್ತಿಗೆ ವಿಷಯ ಗೊತ್ತಿತ್ತು. ಸರ್ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ.

"ಇರ್ಬೋದು," ಅಂದರು ಸರ್. "ಮುಂದಿನ್ ವರ್ಷ ಮತ್ತೆ ಕರೀತಾರೆ. ಆಗ ಹೋಗೋಣ."

"ನನ್ನಿಂದ ನಿಮ್ಗೆಲ್ಲಾ ತೊಂದ್ರೆ ಆಯ್ತು," ಅಂದ ತಾತ. "ಮುಖವೀಣೆಗೆ ಏನ್ ಮಾಡ್ತೀರ ಈಗ?"

"ಅವತ್ತಿನ ರೆಕಾರ್ಡ್ ಇದೆಯಲ್ಲ."

"ಒಳ್ಳೇದೇ ಆಯ್ತು ನೋಡಿ ಹಂಗಾರೆ."

ಯಾರೂ ಸುಳ್ಳು ಹೇಳಿರಲಿಲ್ಲ. ಸುಳ್ಳನ್ನು ತಾತನೇ ತಂದಿದ್ದ. ನಾವು ಅದನ್ನು ಬೇಡ ಅನ್ನಲಿಲ್ಲ, ಅಷ್ಟೆ. ಸುಗಟೂರಿನ ಬಸ್ಸಿನಲ್ಲಿ ಅವನು ನನ್ನ ಪಕ್ಕ ಕೂತು, ಸ್ವೆಟರನ್ನು ನೀನು ತಗೊಂಡು ಹೋಗು, ನಿನಗೆ ಸಡಿಲ ಆದರೂ ಬೆಚ್ಚಗಿರುತ್ತದೆ ಅಂದ.

ಸೆಪ್ಟೆಂಬರ್ ಹತ್ತಕ್ಕೆ ಹೊರಟೆವು. ಅಲ್ಲಿನ ಥಿಯೇಟರುಗಳ ಬಗ್ಗೆ ನನಗೆ ಹೇಳಲು ಹೆಚ್ಚು ಇಲ್ಲ. ಎಲ್ಲವೂ ಶುಭ್ರವಾಗಿದ್ದವು. ರಂಗದ ಹಿಂದಿನ ಓಣಿಗಳಲ್ಲಿ ನಮ್ಮ ಹೆಸರುಗಳನ್ನು ಬಾಗಿಲಿಗೆ ಅಂಟಿಸುತ್ತಿದ್ದರು. ಬೆಲ್ಜಿಯಂನ ಮೊದಲ ಪ್ರದರ್ಶನದ ಪಟ್ಟಿಯಲ್ಲಿ ತಾತನ ಹೆಸರೂ ಇತ್ತು, ಅಚ್ಚಾಗಿಹೋಗಿತ್ತಂತೆ. ಒಂದು ಕೋಣೆಯ ಬಾಗಿಲಲ್ಲಿ ಕದಿರೇಶಣ್ಣನ ಹೆಸರಿನ ಕೆಳಗೆ ಅವನ ಹೆಸರು. ಕದಿರೇಶಣ್ಣ ಅದನ್ನು ಕೀಳಲಿಲ್ಲ. ಒಳಗಿದ್ದ ಎರಡನೇ ಕುರ್ಚಿಯ ಮೇಲೆ ತನ್ನ ಚೀಲವನ್ನೂ ಇಡಲಿಲ್ಲ.

ಲೈಟಿಂಗ್ ಹುಡುಗ ರೆಕಾರ್ಡನ್ನು ಕೇಳಿ ಲೆಕ್ಕ ಬರೆದುಕೊಂಡಿದ್ದ. ನಾಲ್ಕನೇ ಜ್ವರ ಐವತ್ತೆರಡು ಸೆಕೆಂಡು. ನಾನು ಅಷ್ಟೇ ಹೊತ್ತು ನಿಲ್ಲಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹನ್ನೊಂದು ಪ್ರದರ್ಶನಗಳಲ್ಲಿ ಹನ್ನೊಂದು ಸಲ ನಾನು ಆ ಕಪ್ಪು ಫೋಮಿನ ಕೋಣೆಯಲ್ಲಿ ಬಾಯಿ ಕಟ್ಟಿ ನಿಂತಿದ್ದಷ್ಟೇ ಹೊತ್ತು ನಿಂತೆ. ದೊಡ್ಡ ಸ್ಪೀಕರುಗಳಲ್ಲಿ ತಾತ ಮೂಗಿನಿಂದ ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಜರ್ಮನಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಪ್ರದರ್ಶನದ ನಂತರ ನನ್ನ ಎರಡೂ ಕೈ ಹಿಡಿದುಕೊಂಡು, ಆ ನಿಂತ ಹೊತ್ತು ತುಂಬಾ ಚೆನ್ನಾಗಿತ್ತು ಎಂದಳು. ನಾನು ಥ್ಯಾಂಕ್ಸ್ ಹೇಳಿದೆ.

ವಾರಕ್ಕೊಮ್ಮೆ ಮನೆಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಅಮ್ಮ ಫೋನ್ ಹಿಡಿದರೆ ತಾತನ ಹಣೆ ಮಾತ್ರ ಕಾಣುತ್ತಿತ್ತು.

"ನನ್ ಪೀಪಿ ಕೇಳುಸ್ತಾ ಅಲ್ಲಿ?"

"ಕೇಳುಸ್ತು ತಾತ. ಕೊನೇ ಸಾಲಿನ್ವರೆಗೂ."

"ಎಲ್ಲೂ ತಪ್ಪಿಲ್ವಾ?"

"ಇಲ್ಲ."

ಒಂದು ದಿನ ತಾತ ಆಚೆ ಹೋದ ಮೇಲೆ ಅಮ್ಮ ದನಿ ಇಳಿಸಿ, "ನೀನೋದಾಗಿಂದ ನಿಮ್ಮ ತಾತ ಮುಖವೀಣೆ ಮುಟ್ಟಿಲ್ಲ ಕಣೇ" ಅಂದಳು. ಬೇಜಾರಾಗಿರಬೇಕು, ಸ್ವಲ್ಪ ದಿನಕ್ಕೆ ಸರಿಹೋಗುತ್ತದೆ ಅಂದೆ. ಬೇಜಾರಾಗಿರಲಿ ಎಂದು ಒಳಗೊಳಗೇ ಬಯಸಿಯೂ ಇದ್ದೆ. ಅವನು ಕೋಪ ಮಾಡಿಕೊಂಡಿದ್ದರೆ ನನ್ನ ಭಾರ ಸ್ವಲ್ಪ ಇಳಿಯುತ್ತಿತ್ತು. ಯಾಕೆ ಮುಟ್ಟಿಲ್ಲ ಎಂದು ಮಾತ್ರ ಕೇಳಲಿಲ್ಲ.

ಅಕ್ಟೋಬರ್ ಕೊನೆಗೆ ವಾಪಸ್ ಬಂದೆ. ಬೆಳಿಗ್ಗೆ ಹತ್ತು ಗಂಟೆಗೆ ಬಸ್ಸಿಳಿದು ಮನೆಗೆ ಬಂದಾಗ ತಾತ ಜಗಲಿಯ ಮೇಲೆ ಕೂತಿದ್ದ. ಆ ಹೊತ್ತಿನಲ್ಲಿ ಅವನು ಕೂತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿರುತ್ತಿದ್ದ, ಇಲ್ಲವೇ ಟೊಮೇಟೊ ಬಿಡಿಸಲು. ಪಕ್ಕದಲ್ಲಿ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಇತ್ತು.

"ಬಾ, ಬಾ. ಇಲ್ಲಿ ನೋಡು ಮೊದ್ಲು" ಎಂದು ಬಲಗೈಯನ್ನು ನನ್ನ ಮುಖದ ಹತ್ತಿರ ಹಿಡಿದ. "ಕಾಣುಸ್ತಾ?"

"ಏನ್ ತಾತ?"

"ಗೆರೆ." ಬೆಳಕಿಗೆ ತಿರುಗಿಸಿದ. ಹೆಬ್ಬೆರಳ ತುದಿಯಲ್ಲಿ ತೆಳುವಾದ ಸುತ್ತುಗಳು ಇದ್ದವು. "ರೇಷನ್ ಅಂಗಡಿಯೋನು ಹೇಳ್ದ. ಎರಡು ಮೂರು ತಿಂಗಳು ಬೆರಳಿಗೆ ಕೆಲಸ ಕೊಡ್ಬೇಡ, ಎಣ್ಣೆ ಹಚ್ಚು, ತಾನಾಗೇ ಬರುತ್ತೆ ಅಂತ. ಸೊಪ್ಪು ಬಿಟ್ಟೆ, ತೋಟ ಬಿಟ್ಟೆ. ತೂತಿನ್ ಮೇಲೆ ಇಟ್ಟಿಟ್ಟೇ ಸವೆದಿದ್ದಲ್ವಾ, ಅದಕ್ಕೆ ಮುಖವೀಣೆನೂ ಮೇಲಿಟ್ಟೆ. ಈ ತಿಂಗಳು ಒಂದೇ ಸಲಕ್ಕೆ ತಗೊಂತು ಕಣಮ್ಮ. ಹಸ್ರು ದೀಪ. ಮುಂದಿನ್ ವರ್ಷ ಆ ಹುಡ್ಗಿ ಮುಂದೆ ಇಡ್ತೀನಿ ನೋಡು."

ಒಳಗಿನಿಂದ ಅಮ್ಮ, "ನಂಗಲಿಯೋರಿಗೂ ಬರಲ್ಲ ಅಂದ್ಬಿಟ್ಟ" ಅಂದಳು. ಪ್ರತಿ ವರ್ಷ ನವರಾತ್ರಿಗೆ ನಂಗಲಿಯ ಹತ್ತಿರದ ಒಂದು ಹಳ್ಳಿಯಲ್ಲಿ ಕೇಳಿಕೆ ಆಡುತ್ತಾರೆ. ತಾತ ಮೂವತ್ತೊಂದು ವರ್ಷ ಒಂದು ವರ್ಷವೂ ತಪ್ಪಿಸಿರಲಿಲ್ಲ. ಅಜ್ಜಿ ಸತ್ತ ವರ್ಷ ಕೂಡ ಹೋಗಿದ್ದ. ಈ ಸಲ ಅವರು ಬಂದು ಕರೆದಾಗ ಬೆರಳು ತೋರಿಸಿ ಕಳಿಸಿದ್ದನಂತೆ. ಅವರು ಕೀಬೋರ್ಡಿನವನನ್ನು ಕರೆದುಕೊಂಡು ಹೋದರಂತೆ.

ನಾನು ಚೀಲ ಬಿಚ್ಚಿದೆ. ತಂದ ಚಾಕೊಲೇಟು ಕೊಟ್ಟೆ. ಅವತ್ತು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ತಾತ ದಿನಕ್ಕೆ ಮೂರು ಸಲ ಎಣ್ಣೆ ಹಚ್ಚುತ್ತಿದ್ದ. ಊಟವನ್ನೂ ಚಮಚದಲ್ಲಿ ಮಾಡುತ್ತಿದ್ದ.

ಮೂರನೇ ದಿನ ಕದಿರೇಶಣ್ಣ ಬೈಕಿನಲ್ಲಿ ಬಂದ. ಹದಿನೈದು ದಿನಕ್ಕೆ ಮುಳಬಾಗಿಲಿನಲ್ಲಿ ನಮ್ಮ ನೃತ್ಯ ಇದೆ, ಸರ್ ಹೇಳಿ ಕಳಿಸಿದ್ದಾರೆ ಅಂದ.

"ಶ್ರೀರಾಮಣ್ಣ, ರೆಡಿಯಾಗು. ನೀನಿಲ್ದೆ ಆ ಡಬ್ಬದ ಜೊತೆ ಬಾರಿಸಿ ಬಾರಿಸಿ ನಂಗೆ ತಲೆ ಕೆಟ್ಟೋಗೈತೆ."

"ನಾನು ಬರಲ್ಲ ಕಣೋ. ಬೀಸಾ ಆಗೋವರ್ಗೂ ಮುಟ್ಟಲ್ಲ."

"ಅಲ್ಲಿವರ್ಗೂ ಉಸ್ರು ಇರ್ತದಾ?"

"ಉಸ್ರು ಎಲ್ಲೋಗುತ್ತೆ? ಮೂಗಿನಾಗೇ ಇರುತ್ತೆ."

ಕದಿರೇಶಣ್ಣ ಬೈಕಿನ ಹತ್ತಿರ ನನ್ನನ್ನು ಕರೆದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ನೀನೇಳ್ತೀಯೋ, ನಾನೇಳ್ಲೋ?"

"ನಾನೇ ಹೇಳ್ತೀನಿ."

"ಇವತ್ತೇ ಹೇಳೇ. ಆ ಮನುಷ್ಯ ಕೈಗೆ ಎಣ್ಣೆ ಹಚ್ಕೊಂಡ್ ಕೂತಿರೋದ್ನ ನನ್ ಕೈಲಿ ನೋಡಕ್ಕಾಗಲ್ಲ."

ಮಧ್ಯಾಹ್ನ ಅಮ್ಮ ಸೊಪ್ಪಿಗೆ ಹೋದ ಮೇಲೆ ಜಗಲಿಯ ಮೇಲೆ ತಾತನ ಪಕ್ಕ ಕೂತು ಹೇಳಿದೆ. ಲೈಟಿಂಗ್‌ನವನ ವಿಷಯ, ಒಂದು ಸೀಟಿನ ವಿಷಯ, ಅರ್ಜಿ ವಾಪಸ್ ತೆಗೆದುಕೊಂಡ ವಿಷಯ. ಸಣ್ಣದು ಮಾಡಿಯೂ ಹೇಳಲಿಲ್ಲ, ಅಳಲೂ ಇಲ್ಲ. ಅತ್ತರೆ ಅವನು ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ತಾತ ಬೀದಿಯ ಕಡೆ ನೋಡುತ್ತ ಕೇಳಿಸಿಕೊಂಡ.

"ನಿಂಗೆ ಯಾವತ್ತು ಗೊತ್ತಾಯ್ತು?"

"ರೆಕಾರ್ಡಿಂಗಿಗೆ ಹಿಂದಿನ ದಿನ."

ತಾತ ತಲೆಯಾಡಿಸಿದ. ಬೀದಿಯಲ್ಲಿ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ ಒಂದು ಹೋಯಿತು.

"ಹಂಗಾರೆ ಬೆರಳಿಂದಲ್ಲ."

"ಅಲ್ಲ ತಾತ."

"ನಂಗಲಿಯೋರಿಗೆ ಬರಲ್ಲ ಅಂದ್ಬಿಟ್ನಲ್ಲ," ಅಂದ. ನನಗೆ ಹೇಳಿದಂತಿರಲಿಲ್ಲ. "ಎರಡು ಸಲ ಬಂದಿದ್ರು. ಎರಡನೇ ಸಲ ಪೆದ್ದಪ್ಪನೇ ಬಂದಿದ್ದ, ಭೀಮನ ವೇಷ ಹಾಕೋನು. ವಯಸ್ಸಾಯ್ತು, ಇದೇ ನನ್ ಕೊನೇ ಕುಣಿತ, ಬಾ ಅಂದ. ಬೆರಳು ತೋರ್ಸಿ ಕಳಿಸ್ದೆ."

ಕ್ಷಮಿಸು ಎನ್ನುವ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಆಡಿದ್ದಿಲ್ಲ. ನನಗೂ ಅದು ಬಾಯಿಗೆ ಬರಲಿಲ್ಲ.

ತಾತ ಎದ್ದು ಒಳಗೆ ಹೋಗಿ, ಗೋಡೆಯ ಗೂಡಿನಿಂದ ಬಟ್ಟೆ ಸುತ್ತಿದ ಮುಖವೀಣೆ ತಂದ. ಕೈಯ ಎಣ್ಣೆಯನ್ನು ಪಂಚೆಗೆ ಚೆನ್ನಾಗಿ ಒರೆಸಿದ. ಪೀಪಿಯನ್ನು ನಾಲಿಗೆಯ ಮೇಲಿಟ್ಟು ಒದ್ದೆ ಮಾಡತೊಡಗಿದ.

"ಮುಂದೆ ನಿಲ್ಲಲಾ ತಾತ?"

"ಬೇಡ. ನೀನು ಒಳಗೋಗು."

ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತೆ. ಮೊದಲ ಸಲ ಬಂದದ್ದು ಬರೀ ಗಾಳಿ. ಎರಡನೇ ಸಲ ಸ್ವರ ಬಂತು, ಕೆನ್ನೆಯಲ್ಲಿದ್ದ ಗಾಳಿ ಮುಗಿಯುವವರೆಗೂ ಇತ್ತು, ಮೂಗಿನಿಂದ ಉಸಿರು ಎಳೆದುಕೊಳ್ಳುವ ಜಾಗದಲ್ಲಿ ಕಡಿಯಿತು. ಕೆಮ್ಮಿದ. ಮತ್ತೆ ಹಿಡಿದ. ಅದೇ ಜಾಗದಲ್ಲಿ ಮತ್ತೆ ಕಡಿಯಿತು. ಅರವತ್ತೆಂಟು ವರ್ಷದ ಕೆನ್ನೆ ಎರಡು ತಿಂಗಳಲ್ಲೇ ಮೆತ್ತಗಾಗಿತ್ತು. ಹತ್ತು ಹನ್ನೆರಡು ಸಲ ಹೀಗಾಯಿತು. ಒಂದೊಂದು ಸಲದ ನಡುವೆ ಬಿಡುವು ದೊಡ್ಡದಾಗುತ್ತ ಹೋಯಿತು. ಆಮೇಲೆ ಎಷ್ಟು ಕಾದರೂ ಏನೂ ಕೇಳಲಿಲ್ಲ.

ತಾತ ಒಳಗೆ ಬಂದ. ಮುಖವೀಣೆ ಮತ್ತೆ ಬಟ್ಟೆಯೊಳಗೆ ಹೋಗಿತ್ತು. ನೀರು ಕೇಳಿದ, ಕೊಟ್ಟೆ. ನಿಂತುಕೊಂಡೇ ಕುಡಿದ.

"ಮುಳಬಾಗಿಲಿಗೆ ಆ ರೆಕಾರ್ಡೇ ಹಾಕ್ಕೊಳ್ಳಿ ಅನ್ನು ಅಮರನಾಥಪ್ಪಂಗೆ," ಅಂದ. ದನಿಯಲ್ಲಿ ಕೋಪವಿರಲಿಲ್ಲ. ನಾನು ಅದನ್ನೇ ಹುಡುಕುತ್ತಿದ್ದೆ.

"ದಿನಾ ಸ್ವಲ್ಪ ಸ್ವಲ್ಪ ನುಡಿಸಿದ್ರೆ ಮತ್ತೆ ಬರುತ್ತೆ ತಾತ. ಇನ್ನೂ ಹದಿನೈದು ದಿನ ಐತೆ."

"ಬರುತ್ತೇನೋ." ಲೋಟವನ್ನು ಕೆಳಗಿಟ್ಟ. "ಚೆನ್ನಾಗೈತಾ ಅದು? ರೆಕಾರ್ಡು?"

ಆಗ ಹೊಳೆಯಿತು, ತಾತ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ನಮ್ಮಲ್ಲಿ ಯಾರಿಗೂ ಅದು ತೋಚಿರಲಿಲ್ಲ. ನನ್ನ ಫೋನಿನಲ್ಲಿ ಇತ್ತು.

"ಇಲ್ಲೇ ಐತೆ. ಕೇಳ್ತೀಯಾ?"

ಫೋನನ್ನು ಒಂದು ಕ್ಷಣ ನೋಡಿ ಬೇಡ ಎಂದು ತಲೆಯಾಡಿಸಿದ. ಹಿತ್ತಿಲಲ್ಲಿ ಅಮ್ಮ ಸೊಪ್ಪಿನ ಹೊರೆ ಹೊತ್ತು ಬಂದ ಸದ್ದಾಯಿತು. ಇಳಿಸಲು ಕೈ ಕೊಡಿ ಎಂದು ಕೂಗಿದಳು. ತಾತ ನನಗಿಂತ ಮೊದಲು ಹೋಗಿ ಹೊರೆಗೆ ಕೈ ಹಾಕಿದ.